ಅರ್ಧ ಮೀಸೆ

ನನ್ನ ಗಂಡನ ಕೈ ಕೆಟ್ಟಿದೆ ಎಂದು ನನಗೆ ಮೊದಲು ಹೇಳಿದವನು ಅವರ ತಮ್ಮ. ಅವರಿಬ್ಬರೂ ಮಾತು ಬಿಟ್ಟು ವರ್ಷಗಳೇ ಆಗಿದ್ದವು. ಅದೂ ಅವನು ನೋಡಿ ಹೇಳಿದ್ದಲ್ಲ, ಕೇಳಿ ಹೇಳಿದ್ದು.

ಅಣ್ಣ ತಮ್ಮ ಇಬ್ಬರದೂ ಕ್ಷೌರದ ಅಂಗಡಿ. ಮೊದಲು ಅದು ಒಂದೇ ಅಂಗಡಿ, ನಮ್ಮ ಮಾವನವರದು. ಅವರು ತೀರಿಕೊಂಡ ಮೇಲೆ ಮಕ್ಕಳು ನಡುವೆ ಪ್ಲೈವುಡ್ ಹಲಗೆ ಹೊಡೆದು ಎರಡು ಮಾಡಿಕೊಂಡರು. ಮಾವನವರ ತಿರುಗುವ ಕುರ್ಚಿ ಅಣ್ಣನ ಪಾಲಿಗೆ ಬಂತು, ಗೋಡೆಯಗಲದ ದೊಡ್ಡ ಕನ್ನಡಿ ತಮ್ಮನ ಪಾಲಿಗೆ ಹೋಯಿತು. ಅಂದಿನಿಂದ ನಮ್ಮವರ ಅಂಗಡಿಗೆ ಬಂದ ಗಿರಾಕಿ ರಾಜನ ಹಾಗೆ ಕೂತು, ಅಂಗೈಯಗಲದ ಕನ್ನಡಿಯಲ್ಲಿ ಒಂದೊಂದೇ ಕಿವಿ ನೋಡಿಕೊಳ್ಳುತ್ತಾನೆ. ಪಕ್ಕದ ಅಂಗಡಿಯ ಗಿರಾಕಿ ಮರದ ಸ್ಟೂಲಿನ ಮೇಲೆ ಬೆನ್ನು ನೋಯಿಸಿಕೊಂಡು, ಕನ್ನಡಿಯಲ್ಲಿ ಇಡೀ ಬೀದಿಯನ್ನೇ ನೋಡುತ್ತಾನೆ. ಎರಡೂ ಕಡೆ ಸುಖವಿಲ್ಲ. ಒಂದಾಗಿ ಅಂತ ಹೇಳಿ ಹೇಳಿ ನನ್ನ ಬಾಯಿ ಸೋತು ಹೋಯಿತು. ಇಬ್ಬರೂ ಮೀಸೆಯವರು, ಒಬ್ಬರ ಮೀಸೆಗಿಂತ ಇನ್ನೊಬ್ಬರದು ದಪ್ಪ. ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಅನ್ನುವ ಗಾದೆ ಈ ಮನೆಯವರನ್ನು ನೋಡಿಯೇ ಹುಟ್ಟಿರಬೇಕು.

ಮೈದುನ ನನ್ನ ಜೊತೆ ಮಾತು ಬಿಟ್ಟಿರಲಿಲ್ಲ. ಅಂಗಡಿಯ ಟವೆಲ್‌ಗಳನ್ನು ಒಗೆದು, ಒಣಗಿಸಿ, ಮಡಚಿ ತಂದುಕೊಡುವುದು ನನ್ನ ಕೆಲಸ. ಎರಡೂ ಅಂಗಡಿಯ ಟವೆಲ್‌ಗಳನ್ನು ನಾನೇ ಒಗೆಯುತ್ತೇನೆ. ಜಗಳವಾಡಿದವರು ಅವರು, ಟವೆಲ್‌ಗಳಲ್ಲ. ಆ ದಿನ ಬೆಳಿಗ್ಗೆ ಅವನ ಪಾಲಿನದು ಕೊಡಲು ಹೋದಾಗ ಅವನು ಹಲಗೆಯ ಕಡೆ ಕಣ್ಣಲ್ಲೇ ತೋರಿಸಿ ದನಿ ತಗ್ಗಿಸಿದ.

“ಅತ್ತಿಗೆ, ಅಣ್ಣನ ಬಲಗೈಗೆ ಏನೋ ಆಗಿದೆ.”

“ನೀನ್ಯಾವಾಗ ನೋಡ್ದೆ?”

“ನೋಡಿಲ್ಲ. ಕತ್ತರಿ ಸದ್ದು ಸರಿ ಇಲ್ಲ. ಅಣ್ಣ ಕೂದಲಿಗೆ ಕತ್ತರಿ ಇಡೋ ಮುಂಚೆ ಎರಡು ಸಲ ಗಾಳೀಲಿ ಆಡಿಸ್ತಾನೆ. ಚಕ್ ಚಕ್, ಆಮೇಲೆ ಚಕ್. ಅಪ್ಪಂದೂ ಹಾಗೇನೇ. ಈಗ ಒಂದು ಚಕ್ ಆದ್ಮೇಲೆ ಸುಮ್ನೆ. ಮಧ್ಯ ಮಧ್ಯ ‘ಸ್ಸ್’ ಅಂತ ಹಲ್ಲು ಕಚ್ಚೋ ಸದ್ದು. ನಿನ್ನೆಯಿಂದ ಕತ್ತರೀನೇ ಇಲ್ಲ, ಬರೀ ಮೆಷಿನ್ನು. ಪಾಪ, ಆ ಮೇಷ್ಟ್ರಿಗೂ ಮೆಷಿನ್ ಹೊಡೆದು ಕಳ್ಸಿದಾನೆ. ಅವರ ತಲೇಲಿ ಇದ್ದಿದ್ದೇ ನಾಲ್ಕು ಕೂದಲು.”

ನನಗೆ ಹೆದರಿಕೆಗಿಂತ ಮೊದಲು ಸಿಟ್ಟು ಬಂತು. ಹೆಂಡತಿಗೆ ಗೊತ್ತಾಗದ್ದು ಪ್ಲೈವುಡ್ ಹಲಗೆಗೆ ಗೊತ್ತಾಗಿದೆಯಲ್ಲ! ಕೆಲವು ದಿನದಿಂದ ಇವರು ಹೊತ್ತು ಮೀರಿ ಮನೆಗೆ ಬಂದು ಸೀದಾ ಹೊದ್ದು ಮಲಗುತ್ತಿದ್ದದ್ದು ಇದಕ್ಕೇ.

ಪಕ್ಕದ ಬಾಗಿಲಿಗೆ ಹೋದೆ. ನಮ್ಮವರು ಗಿರಾಕಿ ಕೂರುವ ಕುರ್ಚಿಯಲ್ಲಿ ತಾವೇ ಕೂತಿದ್ದರು. ಬಲಗೈ ಮೇಲೆ ಟವೆಲ್ ಹೊದಿಸಿತ್ತು.

“ಏನಿಲ್ಲ,” ಅಂದರು.

ನಾನಿನ್ನೂ ಬಾಯಿಯೇ ತೆರೆದಿರಲಿಲ್ಲ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಇವರು ಕಳ್ಳ ಅನ್ನುವ ಮುಂಚೆಯೇ ಮುಟ್ಟಿಕೊಂಡರು. ಟವೆಲ್ ಎಳೆದೆ. ಕೈ ಊದಿಕೊಂಡು ಹಿಟ್ಟಿನ ಮುದ್ದೆಯ ಹಾಗಾಗಿತ್ತು. ನಡುಬೆರಳು ಮತ್ತು ಉಂಗುರ ಬೆರಳಿನ ಸಂದಿಯಲ್ಲಿ ಒಂದು ತೂತು, ಅದರಿಂದ ಕೀವು. ಕೆಂಪು ಬಣ್ಣ ಮಣಿಕಟ್ಟು ದಾಟಿ ಮೇಲೆ ಹೊರಟಿತ್ತು. ಅಷ್ಟರ ಮೇಲೆ ಬಿಳಿ ಪುಡಿ.

“ಇದೇನ್ರೀ ಇದು ಬಿಳಿ?”

“ಪಟಿಕ ಹಚ್ಚಿದೀನಿ. ವಾಸಿ ಆಗ್ತಾ ಇದೆ.”

ಕತ್ತರಿಸಿದ ಕೂದಲ ತುಂಡು ಚೂಪಾಗಿರುತ್ತದೆ. ಬೆರಳ ಸಂದಿಯ ಮೆತ್ತನೆ ಚರ್ಮದಲ್ಲಿ ಅದು ಮುಳ್ಳಿನ ಹಾಗೆ ಇಳಿದು ಕೂರುತ್ತದೆ. ಈ ಕಸುಬಿನವರಿಗೆ ಇದು ಹೊಸದೇನಲ್ಲ. ಮಾವನವರು ದಿನಾ ಅಂಗಡಿ ಮುಚ್ಚುವ ಮುಂಚೆ ಕೈ ತೊಳೆದು, ಬೆರಳು ಅಗಲಿಸಿ, ಚಿಮಟದಿಂದ ಆರಿಸಿಕೊಳ್ಳುತ್ತಿದ್ದರು. ಇವರಿಗೆ ಅಷ್ಟು ವ್ಯವಧಾನ ಎಲ್ಲಿಂದ ಬರಬೇಕು? ಗಡ್ಡದ ಬ್ಲೇಡಿನ ತುದಿಯಿಂದ ಕೆದಕಿದ್ದಾರೆ, ಮೇಲೆ ಪಟಿಕದ ಕಲ್ಲು ಉಜ್ಜಿದ್ದಾರೆ. ಗಡ್ಡ ಕೆರೆದಾಗ ಗಾಯವಾದರೆ ಸವರುವ ಆ ಕಲ್ಲೇ ಇವರಿಗೆ ಸರ್ವರೋಗಕ್ಕೂ ಮದ್ದು. ನನಗೆ ಹೆರಿಗೆ ನೋವು ಬಂದ ದಿನವೂ ಇವರು ಗಾಬರಿಯಲ್ಲಿ ಮೊದಲು ಹುಡುಕಿದ್ದು ಪಟಿಕದ ಕಲ್ಲನ್ನೇ. ನಡುವೆ ಒಮ್ಮೆ ಔಷಧಿ ಅಂಗಡಿಯಿಂದ ಮಾತ್ರೆ ತಂದಿದ್ದರಂತೆ. ನೋವು ಸ್ವಲ್ಪ ಇಳಿದ ತಕ್ಷಣ, ಮಿಕ್ಕಿದ್ದು ಮುಂದಿನ ಸಲಕ್ಕೆ ಆಗುತ್ತದೆ ಎಂದು ಡ್ರಾಯರಿನಲ್ಲಿ ಬಾಚಣಿಗೆಗಳ ಜೊತೆ ಎತ್ತಿಟ್ಟಿದ್ದರು. ಉಗುರಲ್ಲಿ ಹೋಗುವುದಕ್ಕೆ ಕೊಡಲಿ ತೆಗೆದುಕೊಂಡರು ಅನ್ನುತ್ತಾರಲ್ಲ, ಆ ಕೊಡಲಿಯ ಹೊತ್ತು ಬಂದಿತ್ತು.

ಆಸ್ಪತ್ರೆಯಲ್ಲಿ ನಮ್ಮನ್ನು ನೋಡಿದ್ದು ಒಬ್ಬ ಡಾಕ್ಟರಮ್ಮ. ಚಿಕ್ಕ ವಯಸ್ಸು, ಕತ್ತಿನವರೆಗೆ ಕತ್ತರಿಸಿದ ಕೂದಲು. ಅವರು ಇವರ ಕೈಯನ್ನು ನೋಡುತ್ತಿದ್ದರೆ ಇವರು ಆ ಜ್ವರದಲ್ಲೂ ಅವರ ತಲೆಯನ್ನು ನೋಡುತ್ತಿದ್ದರು.

“ಹಿಂದುಗಡೆ ಏರುಪೇರಾಗಿದೆ,” ಎಂದು ನನ್ನ ಕಿವಿಯಲ್ಲಿ ಹೇಳಿದರು.

“ಮಾತ್ರೆ ಕಾಲ ಮುಗೀತು,” ಅಂದರು ಡಾಕ್ಟರಮ್ಮ. “ಸೋಂಕು ಮೇಲಕ್ಕೆ ಓಡ್ತಾ ಇದೆ. ಮಾತ್ರೆ ಹೊಟ್ಟೆಗೆ ಹೋಗಿ, ಕರಗಿ, ರಕ್ತಕ್ಕೆ ಸೇರಿ ಕೈಗೆ ಬರೋ ಹೊತ್ತಿಗೆ ಇದು ಮೊಣಕೈ ದಾಟಿರುತ್ತೆ. ಆಂಟಿಬಯೋಟಿಕ್ಕನ್ನ ನೇರ ರಕ್ತನಾಳಕ್ಕೇ ಕೊಡ್ಬೇಕು, ಎಂಟು ಗಂಟೆಗೊಂದ್ಸಲ. ಒಳಗಿರೋ ಕೀವನ್ನ ಕೊಯ್ದು ತೆಗೀಬೇಕು. ಈಗ್ಲೇ ಅಡ್ಮಿಟ್ ಆಗಿ.”

“ಅಂದ್ರೆ ಇಂಜೆಕ್ಷನ್ನಾ?”

“ಹೌದು.”

“ಎಷ್ಟು?”

“ನಿಮ್ಮ ಕೈ ಉಳಿಯೋ ಅಷ್ಟು.”

ನಮ್ಮವರ ಮುಖದಲ್ಲಿದ್ದ ರಕ್ತವೆಲ್ಲ ಇಳಿದುಹೋಯಿತು. ಊರಿನ ಅರ್ಧ ಗಂಡಸರ ಕುತ್ತಿಗೆ ಮೇಲೆ ಕತ್ತಿ ಆಡಿಸಿದ ಈ ಮನುಷ್ಯನಿಗೆ ಸೂಜಿ ಕಂಡರೆ ಜೀವ ಹೋಗುತ್ತದೆ. ಮಗಳಿಗೆ ಲಸಿಕೆ ಹಾಕಿಸಲು ಹೋದಾಗ ಮಗು ಅಳಲಿಲ್ಲ, ಇವರು ಬೆಂಚಿನ ಮೇಲೆ ಮಲಗಿಕೊಂಡಿದ್ದರು.

ಡಾಕ್ಟರಮ್ಮ ನನ್ನನ್ನು ಬಾಗಿಲ ಹೊರಗೆ ಕರೆದು ನೇರವಾಗಿ ಹೇಳಿದರು. ತಡವಾದರೆ ಬೆರಳು ಹೋಗಬಹುದು, ಇಡೀ ಕೈಯೇ ಹೋಗಬಹುದು. ನಂಜು ರಕ್ತಕ್ಕೆ ಸೇರಿದರೆ ಜೀವಕ್ಕೇ ಅಪಾಯ. ಆ ಕೈಯೇ ನಮ್ಮ ಅಂಗಡಿ. ಅದಿಲ್ಲದಿದ್ದರೆ ಮಾವನವರ ಕುರ್ಚಿ ಬರೀ ಕುರ್ಚಿ. ನನಗೆ ತುಂಬಾ ಭಯವಾಯಿತು. ಭಯವಾದಾಗ ನಾನು ಅಳುವುದಿಲ್ಲ, ಬಯ್ಯುತ್ತೇನೆ. ಒಳಗೆ ಹೋಗಿ ಬಯ್ದೆ.

ವಾರ್ಡಿನಲ್ಲಿ ಒಬ್ಬ ಹಿರಿಯ ನರ್ಸ್ ಇದ್ದರು. ಎಲ್ಲರೂ ಅವರನ್ನು ದೊಡ್ಡ ಸಿಸ್ಟರ್ ಅನ್ನುತ್ತಿದ್ದರು. ಅವರು ಸಣ್ಣ ಗಾಜಿನ ಸೀಸೆಯೊಳಗಿನ ಬಿಳಿ ಪುಡಿಗೆ ನೀರು ಸೇರಿಸಿ ಕುಲುಕಿ, ಔಷಧಿ ಮೈಗೆ ಒಗ್ಗುತ್ತದೋ ಇಲ್ಲವೋ ನೋಡಲು ಮೊದಲು ಚರ್ಮದ ಕೆಳಗೆ ಒಂದೇ ಹನಿ ಹಾಕುತ್ತೇನೆ ಅಂದರು. ಇವರು ಸಿರಿಂಜಿನ ಕವರ್ ಹರಿಯುವ ಸದ್ದಿಗೇ “ಅಯ್ಯಮ್ಮಾ” ಎಂದು ಕೂಗಿದರು. ಇಬ್ಬರು ಆಳುಗಳು ಹಿಡಿದುಕೊಂಡು, ನಾನು ಕಾಲ ಮೇಲೆ ಕೂತು, ಅಂತೂ ಎಡಗೈಯ ನಾಳಕ್ಕೆ ಸಣ್ಣ ಕೊಳವೆ ಚುಚ್ಚಿ ಟೇಪ್ ಅಂಟಿಸಿದ್ದಾಯಿತು. ಇನ್ನು ಮುಂದೆ ಔಷಧಿಯೆಲ್ಲ ಅದರಲ್ಲೇ, ಮತ್ತೆ ಮತ್ತೆ ಚುಚ್ಚುವುದಿಲ್ಲ ಎಂದು ದೊಡ್ಡ ಸಿಸ್ಟರ್ ಹೇಳಿದರೂ ಇವರು ನಂಬಲಿಲ್ಲ. ಔಷಧಿ ಒಳಗೆ ಹೋಗುವಾಗ ಉರಿಯುತ್ತದೆ ಎಂದು ಪ್ರತಿ ಸಲವೂ ಗೋಡೆ ಕಡೆ ತಿರುಗಿ ಎಲ್ಲರಿಗೂ ಶಾಪ ಹಾಕಿದರು. ಶಾಪದಲ್ಲಿ ನನ್ನ ಹೆಸರೇ ಮೊದಲಿರುತ್ತಿತ್ತು.

ಅಡ್ಮಿಟ್ ಆದ ದಿನವೇ ಕೀವು ತೆಗೆದಾಗ ತಟ್ಟೆಯಲ್ಲಿ ಒಂದು ಕೂದಲ ತುಂಡು ಸಿಕ್ಕಿತು. ಅಕ್ಕಿಕಾಳಿನಷ್ಟೂ ಉದ್ದವಿಲ್ಲ. ಇಷ್ಟು ದೊಡ್ಡ ಮನುಷ್ಯನನ್ನು ಮಂಚಕ್ಕೆ ಹಾಕಿದ್ದು ಅದು. ಡಾಕ್ಟರಮ್ಮ ಅದನ್ನು ತೋರಿಸಿದಾಗ ನಮ್ಮವರು ಮಂಪರಿನಲ್ಲೇ ಕಣ್ಣು ಕಿರಿದು ಮಾಡಿ ನೋಡಿದರು.

“ಒರಟು ಕೂದಲು. ಬೇಕರಿಯವನದ್ದೇ,” ಅಂದರು.

ಆಮೇಲೆ ಆ ಗೆರೆಯ ರಾದ್ಧಾಂತ. ಡಾಕ್ಟರಮ್ಮ ಮೊದಲ ದಿನವೇ ಇವರ ಬಲ ಮುಂದೋಳಿನಲ್ಲಿ, ಕೆಂಪು ಎಲ್ಲಿಗೆ ಮುಗಿಯುತ್ತದೋ ಅದರ ಅಂಚಿನುದ್ದಕ್ಕೂ ಪೆನ್ನಿನಿಂದ ಒಂದು ಗೆರೆ ಎಳೆದಿದ್ದರು. ಕೆಂಪು ಹೇಗಿತ್ತೋ ಗೆರೆಯೂ ಹಾಗೇ ಇತ್ತು, ಒಂದು ಕಡೆ ಉಬ್ಬು, ಒಂದು ಕಡೆ ತಗ್ಗು. ಇವರು ಮಲಗಿದಲ್ಲೇ ಅದನ್ನು ದಿಟ್ಟಿಸಿ ನೋಡುತ್ತಿದ್ದರು. ನೋವಿಗಾಗಿ ನೋಡುತ್ತಿದ್ದಾರೆ ಎಂದು ನಾನು ಕನಿಕರಪಟ್ಟೆ. ನನ್ನ ಕನಿಕರಕ್ಕೆ ಬೆಂಕಿ ಬೀಳಲಿ.

ಮಾರನೇ ಬೆಳಿಗ್ಗೆ ಡಾಕ್ಟರಮ್ಮ ಬಂದು ಕೈ ನೋಡಿದವರೇ ಬಿಳಿಚಿಕೊಂಡರು. ಕೆಂಪು ಗೆರೆಯನ್ನು ದಾಟಿ ಎರಡು ಬೆರಳು ಮೇಲೆ ಬಂದಿತ್ತು.

“ಸಿಸ್ಟರ್! ಔಷಧಿಗೆ ಬಗ್ತಾ ಇಲ್ಲ ಇದು. ಆಪರೇಷನ್ ಥಿಯೇಟರ್‌ಗೆ ಹೇಳಿ. ತೋಳು ಬಿಚ್ಚಿ ನೋಡ್ಬೇಕಾಗುತ್ತೆ.”

ಯಾರೋ ಓಡಿದರು, ಯಾರೋ ಗಾಲಿಮಂಚ ತಂದರು. ಆಗ ನಮ್ಮವರು ಹೊದಿಕೆಯೊಳಗಿಂದ ಮೆಲ್ಲಗೆ ಕೇಳಿದರು.

“ಡಾಕ್ಟ್ರೇ, ಗೆರೆ ನೋಡಿ ಹೇಳ್ತಾ ಇದೀರಾ?”

“ಮತ್ತಿನ್ನೇನು?”

“ಅದು ನಿಮ್ಮ ಗೆರೆ ಅಲ್ಲ.”

ಡಾಕ್ಟರಮ್ಮ ಆ ಕೈಯನ್ನು ಕಣ್ಣಿನ ಹತ್ತಿರಕ್ಕೆ ಎಳೆದುಕೊಂಡರು.

“ನಿಮ್ಮದು ಸೊಟ್ಟಗಿತ್ತು. ನೋಡಿ ನೋಡಿ ತಲೆ ಸಿಡೀತು. ಸ್ಪಿರಿಟ್ ಹತ್ತಿ ಇಲ್ಲೇ ಇತ್ತು, ಒರೆಸಿದೆ. ಪಕ್ಕದ ಮಂಚದೋರ ಹತ್ರ ಪೆನ್ನು ಇಸ್ಕೊಂಡು ಸ್ವಲ್ಪ ಕೆಳಗೆ ನೇರವಾಗಿ ಎಳ್ದೆ. ಎಡಗೈಯಲ್ಲಿ ಎಳೆದಿದ್ದು, ಆದ್ರೂ ನೋಡಿ, ಸೈಡ್‌ಲಾಕ್ ತೆಗೆದ ಹಾಗಿದೆ.”

“ಅದು ಸೋಂಕು ಎಲ್ಲೀವರೆಗೆ ಬಂದಿದೆ ಅನ್ನೋ ಗುರುತು ರೀ!” ಡಾಕ್ಟರಮ್ಮನ ದನಿ ಕಿರುಚಾಟಕ್ಕೇ ಹೋಯಿತು. “ಸೋಂಕೇ ಸೊಟ್ಟಗೆ ಬಂದಿದೆ, ನಾನೇನ್ ಮಾಡ್ಲಿ!”

ಬೆಳಕಿಗೆ ಹಿಡಿದು ನೋಡಿದಾಗ ಒರೆಸಿದ ಹಳೇ ಗೆರೆಯ ನೀಲಿ ಇನ್ನೂ ಮಸುಕಾಗಿ ಕಾಣುತ್ತಿತ್ತು. ಕೆಂಪು ಅದನ್ನು ದಾಟಿರಲಿಲ್ಲ. ಅಲ್ಲಲ್ಲಿ ಹಿಂದೆ ಸರಿದೂ ಇತ್ತು. ಔಷಧಿ ಕೆಲಸ ಮಾಡುತ್ತಿದೆ ಎನ್ನುತ್ತಾ ಡಾಕ್ಟರಮ್ಮ ಕುರ್ಚಿಯಲ್ಲಿ ಕುಸಿದರು. ಗಾಲಿಮಂಚ ಖಾಲಿಯಾಗಿಯೇ ವಾಪಸ್ ಹೋಯಿತು. ನಾನು ನಮ್ಮವರಿಗೆ ಹೇಳಿದ್ದನ್ನು ಇಲ್ಲಿ ಬರೆಯುವ ಹಾಗಿಲ್ಲ.

ಕೆಲವು ದಿನಗಳಲ್ಲಿ ಜ್ವರ ಇಳಿಯಿತು, ಊತ ಬತ್ತತೊಡಗಿತು. ಅಲ್ಲಿಗೆ ಇವರ ಹಳೇ ಬುದ್ಧಿ ಎದ್ದು ಕೂತಿತು. ವಾಸಿಯಾಗಿದೆ, ಇನ್ನು ಯಾಕೆ ಚುಚ್ಚಿಸಿಕೊಳ್ಳಬೇಕು, ಗಿರಾಕಿಗಳೆಲ್ಲ ಪಕ್ಕದ ಅಂಗಡಿಗೆ ಹೋಗುತ್ತಿದ್ದಾರೆ. ಅರ್ಧಕ್ಕೆ ನಿಲ್ಲಿಸಿದರೆ ಉಳಿದ ಕ್ರಿಮಿಗಳು ಮೊದಲಿಗಿಂತ ಗಟ್ಟಿಯಾಗಿ ಏಳುತ್ತವೆ, ಇನ್ನೊಂದು ಸಲ ಈ ಔಷಧಿಗೂ ಜಗ್ಗುವುದಿಲ್ಲ ಎಂದು ಡಾಕ್ಟರಮ್ಮ ತಿಳಿಸಿ ಹೇಳಿದರು. ಇವರು ಹ್ಞೂಂ ಹ್ಞೂಂ ಎಂದು ತಲೆಯಾಡಿಸಿದರು. ಅಷ್ಟು ಬೇಗ ಒಪ್ಪಿಕೊಂಡಾಗಲೇ ನನಗೆ ಅನುಮಾನ ಬರಬೇಕಿತ್ತು.

ನಾನು ಟೀ ತರಲು ಹೋಗಿದ್ದೆ. ವಾಪಸ್ ಬಂದಾಗ ಮಂಚದ ಮೇಲೆ ದಿಂಬು ಮಾತ್ರ ಇತ್ತು. ಬಲಗೈಗೆ ಬ್ಯಾಂಡೇಜ್ ಇದ್ದದ್ದರಿಂದ ಇವರು ಹಲ್ಲಿನಲ್ಲಿ ಟೇಪ್ ಕಿತ್ತು, ಹಲ್ಲಿನಲ್ಲೇ ಕೊಳವೆ ಎಳೆದು ಉಗಿದು, ಆಸ್ಪತ್ರೆಯ ಹಸಿರು ಅಂಗಿಯಲ್ಲೇ ಗೇಟಿನವರೆಗೆ ಹೋಗಿದ್ದರು. ಆ ಅಂಗಿಗೆ ಹಿಂದುಗಡೆ ಗುಂಡಿ ಇಲ್ಲ ಅನ್ನುವುದು ಅವರಿಗೆ ಗೊತ್ತಿರಲಿಲ್ಲ. ಗೇಟಿನಲ್ಲಿ ನಿಂತಿದ್ದವರಿಗೆಲ್ಲ ಗೊತ್ತಾಯಿತು. ಕಾವಲುಗಾರ ಒಂದು ಬೆಡ್‌ಶೀಟ್ ಸುತ್ತಿ ಕರೆತಂದ.

ಮಧ್ಯಾಹ್ನದ ಹೊತ್ತಿಗೆ ಮತ್ತೆ ಮೈ ಕಾದಿತ್ತು. ಮುಂದಿನ ಔಷಧಿಯ ಹೊತ್ತಾಯಿತು. ಹೊಸದಾಗಿ ಕೊಳವೆ ಹಾಕಬೇಕು. ಸೂಜಿ ಹತ್ತಿರ ಬಂದ ಕೂಡಲೇ ಇವರ ತೋಳು ನೀರಿನಿಂದ ತೆಗೆದ ಮೀನಿನ ಹಾಗೆ ಹಾರುತ್ತಿತ್ತು, ನಾಳ ಜಾರುತ್ತಿತ್ತು. ಒಬ್ಬ ನರ್ಸ್ ಸೋತರು, ಇನ್ನೊಬ್ಬರು ಸೋತರು. ಆಳುಗಳು ಹಿಡಿದರೆ ಇವರು ಇನ್ನೂ ಬಿಗಿದುಕೊಂಡು ನಾಳವೇ ಮಾಯವಾಗುತ್ತಿತ್ತು. ಬೀಸುವ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯುಸ್ಸು ಎಂದು ನಂಬಿದ ಮನುಷ್ಯ!

“ಈ ಡೋಸ್ ತಪ್ಪಬಾರ್ದು,” ಎಂದು ಡಾಕ್ಟರಮ್ಮ ನನಗೆ ಹೇಳಿದರು. ಅವರ ಮುಖದಲ್ಲಿ ಈಗ ಸಿಟ್ಟಿರಲಿಲ್ಲ, ಅದನ್ನು ನೋಡಿ ನನಗೆ ಇನ್ನೂ ಹೆದರಿಕೆಯಾಯಿತು. “ಕೆಂಪು ಮತ್ತೆ ಏರ್ತಾ ಇದೆ. ಹೀಗೇ ಬಿಟ್ರೆ ಬೆರಳು ಉಳಿಸೋಕೆ ನನ್ನ ಕೈಲಾಗಲ್ಲ.”

ಬಯ್ಯಲು ಬಾಯಿ ತೆರೆದೆ. ಬೈಗುಳ ಬರಲಿಲ್ಲ, ಅಳು ಬಂತು.

ವಾರ್ಡಿನ ಬಾಗಿಲ ಹೊರಗೆ ಮೈದುನ ನಿಂತಿದ್ದ. ಅವನು ದಿನಾ ಬರುತ್ತಿದ್ದ, ಬಾಗಿಲವರೆಗೆ ಬಂದು, ನನ್ನ ಹತ್ತಿರ ವಿಚಾರಿಸಿಕೊಂಡು ಹೋಗುತ್ತಿದ್ದ. ಹಲಗೆಯಾಚೆ ನಿಂತೇ ಅವನಿಗೆ ಅಭ್ಯಾಸ. ಆ ದಿನ ನನ್ನ ಅಳು ಕೇಳಿಸಿಕೊಂಡು ಸೀದಾ ಒಳಗೆ ಬಂದ. ಕೈಯಲ್ಲಿ ಅಂಗಡಿಯ ಚೀಲವಿತ್ತು. ಮಂಚದ ಪಕ್ಕ ನಿಂತು, ಅಣ್ಣನನ್ನು ನೋಡುತ್ತಾ ನನಗೆ ಹೇಳಿದ.

“ಅತ್ತಿಗೆ, ಅಣ್ಣಂಗೆ ಗಡ್ಡ ಬಂದಿದೆ.”

ಬಂದಿತ್ತು, ಅಲ್ಲಲ್ಲಿ ನೆರೆತ ಕುರುಚಲು ಗಡ್ಡ. ಇವರು ಹೊದಿಕೆ ಗದ್ದದವರೆಗೆ ಎಳೆದುಕೊಂಡು ನನಗೆ ಹೇಳಿದರು.

“ನನಗೇನೂ ಬೇಡ ಅಂತ ಅವನಿಗೆ ಹೇಳು.”

“ಈ ಮುಖ ನೋಡಿದೋರು ಇವನ ಅಂಗಡಿ ಇರ್ಲಿ, ಪಕ್ಕದ ನನ್ನ ಅಂಗಡಿಗೂ ಕಾಲಿಡಲ್ಲ ಅಂತ ಅಣ್ಣಂಗೆ ಹೇಳಿ ಅತ್ತಿಗೆ.”

ಇಬ್ಬರ ನಡುವೆ ಒಂದು ಮೊಳ ದೂರವಿಲ್ಲ. ನಾನು ಯಾರಿಗೂ ಏನೂ ಹೇಳಲಿಲ್ಲ. ಇವರ ಕೈ ಒಂದು ಸಲ ಕೆನ್ನೆಗೆ ಹೋಗಿ ಬಂತು. ಕ್ಷೌರದವನು ಗಡ್ಡ ಬಿಟ್ಟರೆ ಅಗಸ ಕೊಳೆ ಬಟ್ಟೆ ಉಟ್ಟಂತೆ, ನಾಚಿಕೆ. ಕೊನೆಗೆ ಹೊದಿಕೆ ಕೆಳಗೆ ಇಳಿಯಿತು.

ಮೈದುನ ಟವೆಲ್ ಕಟ್ಟಿದ, ಬ್ರಶ್ಶಿನಿಂದ ನೊರೆ ಎಬ್ಬಿಸಿದ. ಮುಖದ ತುಂಬಾ ದಪ್ಪಗೆ ಹಚ್ಚಿದ, ಮೀಸೆಯೂ ಮುಳುಗುವಷ್ಟು. ಇವರನ್ನು ಎತ್ತಿ ಕೂರಿಸಿ, ತಾನು ಬಲಕ್ಕೆ ನಿಂತು, ಗದ್ದ ಮೇಲೆತ್ತಿದ. ಎತ್ತುತ್ತಲೇ ದೊಡ್ಡ ಸಿಸ್ಟರ್ ಕಡೆ ಒಂದು ನೋಟ ನೋಡಿದ. ದೊಡ್ಡ ಸಿಸ್ಟರ್ ಸಾಮಾನ್ಯದವರಲ್ಲ. ಟ್ರೇ ಎತ್ತಿಕೊಂಡು ಸದ್ದಿಲ್ಲದೆ ಎಡಕ್ಕೆ ಬಂದರು.

“ತಲೆ ಅಲ್ಲಾಡಿಸ್ಬಾರ್ದು,” ಎಂದ ಮೈದುನ, ಯಾರಿಗೂ ಅಲ್ಲ ಅನ್ನುವ ಹಾಗೆ.

ಈ ಕಸುಬಿನಲ್ಲಿ ಅದೇ ಮೊದಲ ಪಾಠ. ಕತ್ತಿ ಕುತ್ತಿಗೆಗೆ ಬಂದಾಗ ಉಸಿರನ್ನೂ ಲೆಕ್ಕ ಹಾಕಿ ಬಿಡಬೇಕು. ಮಾವನವರು ಇಬ್ಬರಿಗೂ ಒಬ್ಬರ ಮುಖದ ಮೇಲೆ ಇನ್ನೊಬ್ಬರಿಂದ ಕತ್ತಿ ಆಡಿಸಿಯೇ ಕೆಲಸ ಕಲಿಸಿದವರು. ಆ ಪಾಠ ಇವರ ಮೂಳೆಯಲ್ಲಿದೆ. ಕತ್ತಿಯ ತಣ್ಣನೆ ಲೋಹ ಗಂಟಲಿಗೆ ತಾಗಿದ್ದೇ ತಡ, ನಮ್ಮವರು ಕಣ್ಣು ಮುಚ್ಚಿ ಕಲ್ಲಾದರು. ಎಡಗೈಗೆ ರಬ್ಬರ್ ಪಟ್ಟಿ ಬಿತ್ತು, ಅಲ್ಲಾಡಲಿಲ್ಲ. ಸೂಜಿ ಒಳಗೆ ಹೋಯಿತು, ಅಲ್ಲಾಡಲಿಲ್ಲ. ಕಾಲಿನ ಹೆಬ್ಬೆರಳು ಮಾತ್ರ ಬಿಲ್ಲಿನ ಹಾಗೆ ಬಾಗಿತು. ದೊಡ್ಡ ಸಿಸ್ಟರ್ ಟೇಪ್ ಅಂಟಿಸಿ, ಔಷಧಿಯನ್ನು ನಿಧಾನವಾಗಿ ಪೂರ್ತಿ ಒಳಗೆ ಬಿಟ್ಟರು. ಸೂಜಿ ಆಡುವಷ್ಟು ಹೊತ್ತೂ ಇವರ ಗಂಟಲ ಮೇಲಿದ್ದದ್ದು ಕತ್ತಿಯ ಬೆನ್ನು. ಅದು ನನಗೂ ಮೈದುನನಿಗೂ ಮಾತ್ರ ಕಾಣುತ್ತಿತ್ತು.

ಸಿಸ್ಟರ್ ಹಿಂದೆ ಸರಿದ ಮೇಲೆ ಮೈದುನ ಕತ್ತಿ ತಿರುಗಿಸಿ ಕೆಲಸ ಶುರು ಮಾಡಿದ. ಬಲಗೆನ್ನೆ, ಬಲಗದ್ದ, ಮೇಲ್ದುಟಿಯ ಬಲಭಾಗ. ಆಮೇಲೆ ಕತ್ತಿ ಒರೆಸಿ, ಮಡಚಿ, ಚೀಲಕ್ಕೆ ಹಾಕಿಕೊಂಡ. ಎಡಭಾಗದ ನೊರೆಯನ್ನು ಟವೆಲಿನಿಂದ ಒರೆಸಿದ. ಅಲ್ಲಿ ಗಡ್ಡವೂ ಅರ್ಧ ಮೀಸೆಯೂ ಇದ್ದ ಹಾಗೇ ಇದ್ದವು.

ಇವರು ಕಣ್ಣು ಬಿಟ್ಟು, ಮುಖ ಸವರಿಕೊಂಡರು. ಮೂಗಿನ ಕೆಳಗೆ ಬಂದಾಗ ಕೈ ನಿಂತಿತು.

“ಲೋ! ನನ್ನ ಮೀಸೆ!”

ಅಷ್ಟು ವರ್ಷಗಳ ಮೇಲೆ ತಮ್ಮನಿಗೆ ಆಡಿದ ಮೊದಲ ಮಾತು ಅದು.

“ಮೀಸೆ ಹೋದ್ರೆ ಮತ್ತೆ ಬರುತ್ತೆ ಅಣ್ಣ. ಕೈ ಹೋದ್ರೆ ಬರುತ್ತಾ?” ಮೈದುನ ಚೀಲ ಹೆಗಲಿಗೇರಿಸಿದ. “ಕೊನೇ ಇಂಜೆಕ್ಷನ್ ಆದ ದಿನ ಬಂದು ಇನ್ನರ್ಧ ತೆಗೀತೀನಿ. ಅಲ್ಲೀವರೆಗೆ ಬೀದಿಗೆ ಹೋಗೋ ಧೈರ್ಯ ಇದ್ರೆ ಹೋಗು.”

ಹೋಗಲಿಲ್ಲ. ಕಿಟಕಿಯ ಹತ್ತಿರವೂ ಹೋಗಲಿಲ್ಲ. ಎಂಟು ಗಂಟೆಗೊಮ್ಮೆ ಔಷಧಿ ಬಂದಾಗ ಗೋಡೆ ಕಡೆ ತಿರುಗಿ ಮಲಗುತ್ತಿದ್ದರು, ಈಗ ಅದು ಮುಖ ಮುಚ್ಚಿಕೊಳ್ಳಲು. ಬೇರೆ ವಾರ್ಡಿನ ನರ್ಸುಗಳು ಥರ್ಮಾಮೀಟರ್ ಕೇಳುವ ನೆಪದಲ್ಲಿ ಬಂದು ನೋಡಿ ಹೋದರು. ಅಷ್ಟು ನಾಚಿಕೆಯಾದರೆ ಬೇರೆ ಯಾರಿಂದಲಾದರೂ ಉಳಿದರ್ಧ ತೆಗೆಸಿಕೊಳ್ಳಿ ಎಂದು ನಾನು ಹೇಳಿದೆ. ಇವರು ನನ್ನ ಕೈಗನ್ನಡಿ ಇಸಿದುಕೊಂಡು ಬಹಳ ಹೊತ್ತು ನೋಡಿದರು.

“ಬೇರೆಯವರು ಈ ಗೆರೆಗೆ ಸೇರ್ಸೋಕಾಗುತ್ತಾ? ನೋಡು, ಮೂಗಿನ ನಡೂಮಧ್ಯ, ಕೂದಲೆಳೆಯಷ್ಟೂ ಆಚೀ ಈಚೆ ಇಲ್ಲ,” ಅಂದರು. “ಅಪ್ಪನ ಕೈ ಅವನಿಗೇ ಬಂದಿದ್ದು.”

ಆ ಮಾತನ್ನು ತಮ್ಮನ ಎದುರಿಗೆ ಹೇಳಿದ್ದರೆ ಹಲಗೆ ಎಂದೋ ಬಿದ್ದಿರುತ್ತಿತ್ತು.

ಕೊನೆಯ ಡೋಸ್ ಆಯಿತು. ಮೈದುನ ಮಾತಿನಂತೆ ಬಂದು ಉಳಿದರ್ಧ ತೆಗೆದ. ಬೆರಳು ಐದೂ ಉಳಿದವು. ಆದರೆ ಉಳಿದ ಬೆರಳು ಹಳೆಯ ಬೆರಳಲ್ಲ. ಬಿಗಿದುಕೊಂಡಿದ್ದವು, ನಡುಗುತ್ತಿದ್ದವು. ಡಾಕ್ಟರಮ್ಮ ವ್ಯಾಯಾಮ ಹೇಳಿಕೊಟ್ಟರು. ನಾನು ಇವರಿಂದ ದಿನಾ ಎರಡೂ ಅಂಗಡಿಯ ಒದ್ದೆ ಟವೆಲ್ ಹಿಂಡಿಸಿದೆ. ಬೆರಳಿಗೂ ಒಳ್ಳೆಯದು, ನನಗೂ ಒಳ್ಳೆಯದು.

ಅಂಗಡಿ ತೆರೆದರು. ಗಿರಾಕಿಗಳು ಬಂದರು, ಕೈಯ ಗಾಯದ ಗುರುತು ನೋಡಿದರು, ಆರೋಗ್ಯ ವಿಚಾರಿಸಿದರು, ನಾಳೆ ಬರ್ತೀನಿ ಎಂದು ಪಕ್ಕದ ಅಂಗಡಿಗೆ ಹೋದರು. ಅವರನ್ನು ಬಯ್ಯುವ ಹಾಗೂ ಇರಲಿಲ್ಲ, ಕುತ್ತಿಗೆ ಅವರದು. ಇವರು ಒಂದು ಬಲೂನ್ ಊದಿ, ನೊರೆ ಹಚ್ಚಿ, ಹೊಸದಾಗಿ ಕಲಿಯುವವರ ಹಾಗೆ ಕತ್ತಿ ಆಡಿಸಿ ನೋಡಿದರು. ಢಬ್ ಎಂದಿತು. ನೊರೆ ಛಾವಣಿಗೆ ಹಾರಿತು. ಮತ್ತೊಂದು ಊದಿದರು, ಅದೂ ಢಬ್. ನಾನು ಮೂಲೆಯಲ್ಲಿ ಟವೆಲ್ ಮಡಚುತ್ತಾ ತಲೆ ತಗ್ಗಿಸಿಕೊಂಡೆ. ನಗು ಬರಬೇಕಿತ್ತು, ಬರಲಿಲ್ಲ. ಕೈ ಉಳಿದು ಕಸುಬು ಹೋದರೆ ಈ ಮನುಷ್ಯ ಬದುಕುವುದಿಲ್ಲ ಎಂದು ನನಗೆ ಗೊತ್ತಿತ್ತು.

ಹಲಗೆಯಾಚೆ ಸ್ಟೂಲು ಸರಿದ ಸದ್ದಾಯಿತು. ಮೈದುನ ಬಾಗಿಲಲ್ಲಿ ನಿಂತ. ಯಾರೂ ಕರೆಯದೆ ಒಳಗೆ ಬಂದು, ಪಾಲಾದ ಮೇಲೆ ಮೊದಲ ಬಾರಿಗೆ ಅಪ್ಪನ ಕುರ್ಚಿಯಲ್ಲಿ ಕೂತು, ತಲೆ ಹಿಂದಕ್ಕೆ ಚಾಚಿದ.

“ಶೇವಿಂಗು,” ಅಂದ.

“ಕೈ ನಡುಗುತ್ತೆ ಕಣೋ.”

“ನಡುಗ್ಲಿ. ನನ್ನ ಕತ್ತು ತಾನೇ?”

ಇವರು ಟವೆಲ್ ಕಟ್ಟಿದರು, ನೊರೆ ಹಚ್ಚಿದರು. ಕತ್ತಿ ಎತ್ತಿದಾಗ ಅದರ ತುದಿ ನಡುಗುವುದು ನನಗೆ ಮೂಲೆಯಿಂದಲೂ ಕಂಡಿತು.

“ತಲೆ ಅಲ್ಲಾಡಿಸ್ಬಾರ್ದು,” ಅಂದರು.

ಮೈದುನ ಕಣ್ಣು ಮುಚ್ಚಿಕೊಂಡ. ಕತ್ತಿ ಕೆನ್ನೆ ಮುಟ್ಟಿತು. ಮುಟ್ಟಿದ ಮೇಲೆ ನಡುಕ ನಿಂತಿತು. ಕೈಗೆ ತನ್ನ ಕೆಲಸ ನೆನಪಾದ ಹಾಗಿತ್ತು. ಬಲಗೆನ್ನೆ ಇಳಿದು, ಗದ್ದ ಸುತ್ತಿ, ಗಂಟಲ ಗುಂಡಿ ದಾಟಿತು. ಕೂದಲೂ ಕೊಂಕಲಿಲ್ಲ. ಆಮೇಲೆ ಕಿವಿಯ ಮೇಲಿನ ಕೂದಲಿಗೆ ಎಂದು ಇವರು ಕತ್ತರಿ ತೆಗೆದುಕೊಂಡರು. ಗಾಳಿಯಲ್ಲಿ ಚಕ್ ಚಕ್. ಆಮೇಲೆ ಚಕ್. ಮೈದುನ ಕಣ್ಣು ಮುಚ್ಚಿದಲ್ಲೇ ನಕ್ಕ. ನಾನು ಒಂದೇ ಟವೆಲನ್ನು ಮತ್ತೆ ಮತ್ತೆ ಮಡಚುತ್ತಿದ್ದೆ.

ಕತ್ತಿ ಇನ್ನೊಮ್ಮೆ ಮೂಗಿನ ಕೆಳಗೆ ಸರ್ರನೆ ಹೋಗಿ ಬಂತು. ಇವರು ಅದನ್ನು ಒರೆಸಿ, ಮಡಚಿ, ಡ್ರಾಯರಿಗೆ ಹಾಕಿದರು. ಮೈದುನ ಕಣ್ಣು ಬಿಟ್ಟು, ಅಂಗೈಯಗಲದ ಕನ್ನಡಿ ತೆಗೆದುಕೊಂಡು, ಮೊದಲು ಬಲಗಡೆ ನೋಡಿದ, ಆಮೇಲೆ ಎಡಗಡೆ ನೋಡಿದ. ಎಡಗಡೆ ಮಾತ್ರ ಮೀಸೆ ಇತ್ತು.

“ಅಣ್ಣ! ಇನ್ನರ್ಧ?”

“ಈ ಕನ್ನಡೀಲಿ ನಿನ್ನ ಮುಖ ಕಾಣೋದೇ ಅರ್ಧ. ಕಂಡಷ್ಟು ಮಾಡಿದೀನಿ,” ಅಂದರು ನಮ್ಮವರು. “ಹೋಗಿ ಅಪ್ಪನ ಕನ್ನಡಿ ತಗೊಂಡ್ ಬಾ.”

ಮೈದುನ ಬಾಯಿಗೆ ಟವೆಲ್ ಅಡ್ಡ ಹಿಡಿದುಕೊಂಡು, ಬೀದಿಯಲ್ಲಿ ಯಾರೂ ಇಲ್ಲದ್ದು ನೋಡಿ, ತನ್ನ ಅಂಗಡಿಗೆ ನುಗ್ಗಿದ. ಹಲಗೆಯಾಚೆ ಮೊಳೆ ಕೀಳುವ ಸದ್ದು ಕೇಳಿಸಿತು. ಆ ಕನ್ನಡಿ ಒಬ್ಬನಿಂದ ಎತ್ತಲಾಗುವುದಲ್ಲ.

“ಅಣ್ಣ, ಈ ಕಡೆ ತುದಿ ಹಿಡ್ಕೋ ಬಾ,” ಎಂದು ಕೂಗಿದ.

ನಮ್ಮವರು ಬಲಗೈಯನ್ನು ಒಮ್ಮೆ ಮುಷ್ಟಿ ಮಾಡಿ, ಬಿಚ್ಚಿ, ನೋಡಿಕೊಂಡರು. ಆಮೇಲೆ ಹಿಡಿಯಲು ಹೋದರು.